ಝೈಫೋಸ್‌ನಲ್ಲಿ ಕನ್ನಡ ಸತ್ಯವೇದದ ಅಧ್ಯಯನ: ಅಳವಡಿಕೆ ಮತ್ತು ಹುಡುಕಾಟ

ಪ್ರಸಂಗ ಸಿದ್ಧಪಡಿಸುವ ಸಭಾಪಾಲಕರಿಗೂ ಸಂಡೇ ಸ್ಕೂಲ್ ಶಿಕ್ಷಕರಿಗೂ ಉಪಯುಕ್ತವಾಗುವ, ಹಣ ಕೊಡದೆ ಪಡೆಯಬಹುದಾದ ಸತ್ಯವೇದ ಅಧ್ಯಯನ ತಂತ್ರಾಂಶಗಳಲ್ಲಿ ಝೈಫೋಸ್ ಒಂದು. ಮೊದಲು ಗ್ನೋಮ್‌ಸೋರ್ಡ್ ಎಂಬ ಹೆಸರಿನಲ್ಲಿದ್ದ ಇದು ಲಿನಕ್ಸ್ ಮತ್ತು ವಿಂಡೋಸ್ ಎರಡರಲ್ಲೂ ನಡೆಯುತ್ತದೆ. ಇದನ್ನು ಅಳವಡಿಸುವುದು ಸುಲಭ, ಆದರೆ ಕನ್ನಡದಲ್ಲಿ ಸರಿಯಾಗಿ ಕೆಲಸ ಮಾಡುವಂತೆ ಹೊಂದಿಸಿಕೊಳ್ಳುವುದಕ್ಕೆ ಸ್ವಲ್ಪ ತಾಳ್ಮೆ ಬೇಕು. ಈ ಲೇಖನದ ಹೆಚ್ಚಿನ ಭಾಗ ಆ ಹೊಂದಾಣಿಕೆಯ ಕುರಿತಾಗಿಯೇ ಇದೆ.

ಝೈಫೋಸ್ ತನ್ನೊಳಗೆ ಸತ್ಯವೇದದ ಪಠ್ಯವನ್ನು ಇಟ್ಟುಕೊಂಡಿರುವುದಿಲ್ಲ. ಕ್ರಾಸ್‌ವೈರ್ ಬೈಬಲ್ ಸೊಸೈಟಿಯ ಸೋರ್ಡ್ ಯೋಜನೆಯು ಸಿದ್ಧಪಡಿಸಿರುವ ಎಂಜಿನ್ ಇದರ ಹಿಂದೆ ಕೆಲಸ ಮಾಡುತ್ತದೆ. ಭಾಷಾಂತರಗಳು, ವ್ಯಾಖ್ಯಾನಗಳು, ನಿಘಂಟುಗಳು ಇವೆಲ್ಲವೂ ಮಾಡ್ಯೂಲ್‌ಗಳೆಂಬ ಪ್ರತ್ಯೇಕ ಕಡತಗಳಾಗಿ ಬರುತ್ತವೆ. ಆದ್ದರಿಂದಲೇ ತಂತ್ರಾಂಶವನ್ನು ಮೊದಲ ಬಾರಿಗೆ ತೆರೆದಾಗ ವಚನಗಳ ಬದಲು ಮಾಡ್ಯೂಲ್ ಮ್ಯಾನೇಜರ್ ಎದುರಾಗುತ್ತದೆ. ಅಲ್ಲಿ ಮೂಲಗಳ ವಿಭಾಗಕ್ಕೆ ಹೋಗಿ, ದೂರದ ಮೂಲಗಳ ಪ್ರಮಾಣಿತ ಪಟ್ಟಿಯನ್ನು ತರಿಸಿಕೊಂಡು, ಬೇಕಾದ ಮೂಲವನ್ನು ಆರಿಸಿ ರಿಫ್ರೆಶ್ ಮಾಡಿದರೆ ಭಾಷೆವಾರು ಪಟ್ಟಿ ತೆರೆದುಕೊಳ್ಳುತ್ತದೆ. ಇಂಗ್ಲಿಷ್ ಪಠ್ಯಗಳಿಗೂ ನಿಘಂಟುಗಳಿಗೂ ಕ್ರಾಸ್‌ವೈರ್ ಮೂಲ ಸಾಕು. ಕನ್ನಡಕ್ಕೆ ಇಬೈಬಲ್ ಮೂಲವನ್ನು ನೋಡಬೇಕು. ಇಂಡಿಯನ್ ರಿವೈಸ್ಡ್ ವರ್ಷನ್‌ನ ಕನ್ನಡ ಪಠ್ಯವನ್ನು ಅದು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಒದಗಿಸುತ್ತದೆ. ಬೈಬಲ್ ಸೊಸೈಟಿ ಆಫ್ ಇಂಡಿಯಾದ ಭಾಷಾಂತರವನ್ನೇ ಓದಿ ರೂಢಿಯಾದವರಿಗೆ ಇದರ ಮಾತಿನ ಧಾಟಿ ಅಲ್ಲಲ್ಲಿ ಬೇರೆಯೆನಿಸುತ್ತದೆ. ಸಭೆಯಲ್ಲಿ ಓದುವಾಗ ಸಭೆಯವರ ಕೈಯಲ್ಲಿರುವ ಪುಸ್ತಕದಿಂದಲೇ ಓದಿ, ತಂತ್ರಾಂಶದ ಪಠ್ಯವನ್ನು ಅಧ್ಯಯನಕ್ಕೆ ಇಟ್ಟುಕೊಳ್ಳುವುದು ಮೇಲು.

ಪಟ್ಟಿ ಉದ್ದವಾಗಿದೆಯೆಂದು ಎಲ್ಲವನ್ನೂ ಇಳಿಸಿಕೊಳ್ಳುವ ಆಸೆ ಆರಂಭದಲ್ಲಿ ಎಲ್ಲರಿಗೂ ಬರುತ್ತದೆ. ಹಾಗೆ ಮಾಡಿದರೆ ಎಡಬದಿಯ ಪಟ್ಟಿಯಲ್ಲಿ ಬೇಕಾದದ್ದನ್ನು ಹುಡುಕುವುದೇ ಒಂದು ಕೆಲಸವಾಗುತ್ತದೆ. ಕನ್ನಡ ಪಠ್ಯ, ಸ್ಟ್ರಾಂಗ್ ಸಂಖ್ಯೆಗಳಿರುವ (ಪ್ರತಿ ಪದದ ಹಿಂದಿರುವ ಮೂಲ ಹೀಬ್ರೂ ಅಥವಾ ಗ್ರೀಕ್ ಪದವನ್ನು ಗುರುತಿಸುವ ಸಂಖ್ಯೆಗಳು) ಕಿಂಗ್ ಜೇಮ್ಸ್ ಭಾಷಾಂತರ, ಸ್ಟ್ರಾಂಗ್‌ನ ಗ್ರೀಕ್ ಹಾಗೂ ಹೀಬ್ರೂ ನಿಘಂಟುಗಳು, ಸಮಾಂತರ ವಚನಗಳನ್ನು ತೋರಿಸುವ ಟ್ರೆಶರಿ ಆಫ್ ಸ್ಕ್ರಿಪ್ಚರ್ ನಾಲೆಡ್ಜ್, ಮ್ಯಾಥ್ಯೂ ಹೆನ್ರಿಯ ವ್ಯಾಖ್ಯಾನ, ಇಷ್ಟಿದ್ದರೆ ತಿಂಗಳುಗಟ್ಟಲೆ ಕೆಲಸ ಸಾಗುತ್ತದೆ. ಹೆನ್ರಿ 1714ರಲ್ಲಿ ತೀರಿಕೊಂಡವರು. ಅವರ ಭಕ್ತಿಪರ ವಿವರಣೆ ಇಂದಿಗೂ ಓದಲು ಯೋಗ್ಯವಾದರೂ ಇತಿಹಾಸ ಮತ್ತು ಪುರಾತತ್ತ್ವದ ವಿಷಯಕ್ಕೆ ಅದನ್ನೇ ನೆಚ್ಚಿಕೊಳ್ಳಬಾರದು.

ಕನ್ನಡ ಪಠ್ಯ ತೆರೆದ ಮೇಲೆ ಮೊದಲು ಫಾಂಟ್ ಸರಿಪಡಿಸಿ. ಪಠ್ಯದ ಮೇಲೆ ಬಲಗುಂಡಿ ಒತ್ತಿ ಮಾಡ್ಯೂಲ್‌ನ ಫಾಂಟ್ ಆರಿಸುವ ಆಯ್ಕೆಗೆ ಹೋಗಿ ನೋಟೋ ಸೆರಿಫ್ ಕನ್ನಡವನ್ನೋ ಗುಬ್ಬಿಯನ್ನೋ ಹಾಕಿಕೊಂಡು, ಅಕ್ಷರದ ಗಾತ್ರವನ್ನು ಒಂದೆರಡು ಹೆಜ್ಜೆ ಏರಿಸಿದರೆ ಒತ್ತಕ್ಷರಗಳು ಸ್ಪಷ್ಟವಾಗಿ ಕಾಣುತ್ತವೆ. ಈ ಆಯ್ಕೆ ಆ ಒಂದು ಮಾಡ್ಯೂಲ್‌ಗೆ ಮಾತ್ರ ಅನ್ವಯಿಸುವುದರಿಂದ ಇಂಗ್ಲಿಷ್ ಮತ್ತು ಹೀಬ್ರೂ ಪಠ್ಯಗಳ ರೂಪ ಕೆಡುವುದಿಲ್ಲ. ಟಿಪ್ಪಣಿಗಳನ್ನು ಯೂನಿಕೋಡ್‌ನಲ್ಲಿಯೇ ಬೆರಳಚ್ಚು ಮಾಡಿ, ಏಕೆಂದರೆ ಹಳೆಯ ನುಡಿ ಕಡತಗಳಿಂದ ನಕಲಿಸಿ ಅಂಟಿಸಿದ ಬರಹ ಇಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗಿ ಮೂಡುತ್ತದೆ.

ಎರಡು ಪಠ್ಯಗಳನ್ನು ಅಕ್ಕಪಕ್ಕ ನೋಡಲು ಆದ್ಯತೆಗಳ ಕಿಟಕಿಯಲ್ಲಿ ಮಾಡ್ಯೂಲ್‌ಗಳ ವಿಭಾಗಕ್ಕೆ ಹೋಗಿ ಪ್ಯಾರಲೆಲ್ ನೋಟದಲ್ಲಿ ಬರಬೇಕಾದವುಗಳನ್ನು ಆರಿಸಬೇಕು. ಗ್ರೀಕ್‌ಗೆ ಯಾವ ನಿಘಂಟು, ಹೀಬ್ರೂಗೆ ಯಾವುದು ಎಂಬುದನ್ನೂ ಅದೇ ವಿಭಾಗದಲ್ಲಿ ತಿಳಿಸಬೇಕು. ಹೀಬ್ರೂ ಪಠ್ಯವನ್ನು ಸೇರಿಸಿಕೊಂಡವರು ಒಂದು ವಿಷಯಕ್ಕೆ ಸಿದ್ಧರಾಗಿರಬೇಕು. ಹೀಬ್ರೂ ಸತ್ಯವೇದದಲ್ಲಿ ಕೀರ್ತನೆಯ ಶಿರೋನಾಮಕ್ಕೂ ವಚನಸಂಖ್ಯೆ ಇದ್ದು, 51ನೆಯದರ ಶಿರೋನಾಮವೇ ಎರಡು ವಚನಗಳಾಗಿರುವುದರಿಂದ ಕಿಂಗ್ ಜೇಮ್ಸ್‌ನ 51ನೆಯ ಕೀರ್ತನೆಯ 1ನೆಯ ವಚನ ಅಲ್ಲಿ 3ನೆಯದಾಗುತ್ತದೆ. ಮಲಾಕಿಯನ 4ನೆಯ ಅಧ್ಯಾಯವು ಅಲ್ಲಿ 3ನೆಯ ಅಧ್ಯಾಯದ ಮುಂದುವರಿಕೆಯಾಗಿ 19ನೆಯ ವಚನದಿಂದ ಆರಂಭವಾಗುತ್ತದೆ. ಸಾಲುಗಳು ಹೊಂದದೆ ಕಂಡಾಗ ಮಾಡ್ಯೂಲ್ ಹಾಳಾಗಿದೆಯೆಂದು ತೆಗೆದುಹಾಕಿ ಮತ್ತೆ ಇಳಿಸುವ ಅಗತ್ಯವಿಲ್ಲ.

ಇನ್ನು ಸ್ಟ್ರಾಂಗ್ ಸಂಖ್ಯೆಗಳು. ಜೇಮ್ಸ್ ಸ್ಟ್ರಾಂಗ್ 1890ರಲ್ಲಿ ಪ್ರಕಟಿಸಿದ ಪದಕೋಶದಲ್ಲಿ ಹೀಬ್ರೂ ಪದಗಳಿಗೆ 8674ರವರೆಗೆ, ಗ್ರೀಕ್ ಪದಗಳಿಗೆ 5624ರವರೆಗೆ ಸಂಖ್ಯೆಗಳಿವೆ. ಕನ್ನಡ ಮಾಡ್ಯೂಲ್‌ನಲ್ಲಿ ಈ ಸಂಖ್ಯೆಗಳಿಲ್ಲದ ಕಾರಣ ಅಲ್ಲಿ ಈ ಆಯ್ಕೆಯನ್ನು ಒತ್ತಿದರೂ ಏನೂ ಕಾಣದು. ಕಿಂಗ್ ಜೇಮ್ಸ್ ಪಠ್ಯದ ಮೇಲೆ ಬಲಗುಂಡಿ ಒತ್ತಿ ಮಾಡ್ಯೂಲ್ ಆಯ್ಕೆಗಳಲ್ಲಿ ಅದನ್ನು ಆನ್ ಮಾಡಬೇಕು. ಉದಾಹರಣೆಗೆ ಲೂಕ 5:1 ತೆರೆಯಿರಿ. ಗೆನೆಜರೇತ್ ಸರೋವರವನ್ನು ಸೂಚಿಸುವ ಪದದ ಪಕ್ಕದಲ್ಲಿ 3041 ಎಂದು ಕಾಣುತ್ತದೆ, ಅದನ್ನು ಒತ್ತಿದರೆ ನಿಘಂಟಿನ ಕಿಟಕಿಯಲ್ಲಿ ವಿವರಣೆ ಬರುತ್ತದೆ. ಅದೇ ನೀರನ್ನು ಹೇಳುವ ಮಾರ್ಕ 1:16ಕ್ಕೆ ಹೋದರೆ ಅಲ್ಲಿ 2281, ಅಂದರೆ ಸಮುದ್ರ. ಈಗ ಹುಡುಕಾಟದ ಪೆಟ್ಟಿಗೆಯಲ್ಲಿ ಲೆಮ್ಮಾ ಎಂಬ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಕೋಲನ್ ಹಾಕಿ, ಬಿಡುವಿಲ್ಲದೆ ಜಿ ಅಕ್ಷರ ಮತ್ತು 3041 ಸೇರಿಸಿ (lemma:G3041), ಆಪ್ಟಿಮೈಸ್ಡ್ ವಿಧಾನವನ್ನು ಆರಿಸಿ ಹುಡುಕಿದರೆ ಲೂಕನ 5 ಮತ್ತು 8ನೆಯ ಅಧ್ಯಾಯಗಳೂ ಪ್ರಕಟನೆಯ ಕೊನೆಯ ಅಧ್ಯಾಯಗಳಲ್ಲಿರುವ ಬೆಂಕಿಯ ಕೆರೆಯ ವಚನಗಳೂ ಮಾತ್ರ ಸಿಗುತ್ತವೆ. ಮತ್ತಾಯ, ಮಾರ್ಕ, ಯೋಹಾನರಲ್ಲಿ ಒಂದೂ ಇಲ್ಲ. ಈ ವಿಧಾನಕ್ಕೆ ಮೊದಲೇ ಆ ಮಾಡ್ಯೂಲ್‌ನ ಸೂಚಿಯನ್ನು (ಇಂಡೆಕ್ಸ್) ಮಾಡ್ಯೂಲ್ ಮ್ಯಾನೇಜರ್‌ನಲ್ಲಿ ನಿರ್ಮಿಸಿಕೊಂಡಿರಬೇಕು. ನಿಘಂಟಿನ ಒಂದು ಸಾಲನ್ನು ಓದಿ ಪ್ರಸಂಗಪೀಠಕ್ಕೆ ಹೋಗುವುದಕ್ಕಿಂತ, ಪದ ಎಲ್ಲೆಲ್ಲಿ ಬಂದಿದೆಯೆಂದು ಹೀಗೆ ನೋಡುವುದು ಸಾವಿರ ಪಾಲು ಸುರಕ್ಷಿತ.

ಕನ್ನಡದಲ್ಲಿ ಹುಡುಕುವಾಗ ಮಾತ್ರ ಆಪ್ಟಿಮೈಸ್ಡ್ ವಿಧಾನವನ್ನು ಬಿಟ್ಟು ಬಹುಪದ ವಿಧಾನವನ್ನು ಬಳಸಿ. ಮೊದಲನೆಯದು ಪೂರ್ಣ ಪದಗಳನ್ನು ಆಧರಿಸಿದ್ದು. ನಮ್ಮ ಭಾಷೆಯಲ್ಲಾದರೋ ಕುರುಬನು, ಕುರುಬನಿಗೆ, ಕುರುಬರನ್ನು ಎಂದು ಪ್ರತ್ಯಯ ಸೇರಿ ಪದದ ರೂಪ ಬದಲಾಗುತ್ತಲೇ ಇರುತ್ತದೆ. ಬಹುಪದ ವಿಧಾನವು ಪದದೊಳಗಿನ ಭಾಗವನ್ನೂ ಹಿಡಿಯುವುದರಿಂದ ‘ಕುರುಬ’ ಎಂದಷ್ಟೇ ಕೊಟ್ಟರೆ ಈ ಎಲ್ಲ ರೂಪಗಳೂ ಸಿಗುತ್ತವೆ. ಆದರೆ ‘ಕುರಿ’ ಎಂದು ಹುಡುಕಿ ನೋಡಿ: ಕುರಿಗಳೂ ಕುರಿಮರಿಗಳೂ ಬರುವುದರ ಜೊತೆಗೆ ‘ಕುರಿತು’ ಎಂಬ ಪದವಿರುವ ವಚನಗಳೆಲ್ಲವೂ ಹಿಂಡುಹಿಂಡಾಗಿ ಬಂದು ಫಲಿತಾಂಶವನ್ನು ತುಂಬುತ್ತವೆ. ಆಗ ‘ಕುರಿಗ’, ‘ಕುರಿಮ’, ‘ಕುರಿಯ’ ಎಂದು ಬೇರೆ ಬೇರೆಯಾಗಿ ಹುಡುಕುವುದೇ ದಾರಿ. ಹೆಸರುಗಳಲ್ಲಿ ಇನ್ನೊಂದು ತೊಡಕಿದೆ. ಅರ್ಧಾಕ್ಷರದಿಂದ ಕೊನೆಗೊಳ್ಳುವ ಹೆಸರುಗಳಲ್ಲಿ ಕಣ್ಣಿಗೆ ಕಾಣದ ಜೋಡಣೆ ತಡೆಯುವ ಅಕ್ಷರವು ಪಠ್ಯದಲ್ಲಿದ್ದು ನಿಮ್ಮ ಬೆರಳಚ್ಚಿನಲ್ಲಿ ಇಲ್ಲದಿದ್ದರೆ ಹುಡುಕಾಟ ಬರಿಗೈಯಲ್ಲಿ ಮರಳುತ್ತದೆ. ಗೊತ್ತಿರುವ ಒಂದು ವಚನದಿಂದಲೇ ಹೆಸರನ್ನು ನಕಲಿಸಿ, ಕೊನೆಯ ಅಕ್ಷರವನ್ನು ಅಳಿಸಿ ಹುಡುಕಿದರೆ ಈ ತೊಂದರೆ ಇರದು.

ಟಿಪ್ಪಣಿಗಳಿಗೆ ವ್ಯಾಖ್ಯಾನಗಳ ಪಟ್ಟಿಯಲ್ಲಿರುವ ಪರ್ಸನಲ್ ಎಂಬ ಮಾಡ್ಯೂಲ್ ಇದೆ. ಅದರಲ್ಲಿ ಬರೆದದ್ದು ಆಯಾ ವಚನಕ್ಕೆ ಅಂಟಿಕೊಂಡು, ಆ ವಚನಕ್ಕೆ ಹೋದಾಗಲೆಲ್ಲ ಕಾಣಿಸುತ್ತದೆ. ಹೊಸ ಟ್ಯಾಬ್ ತೆರೆಯಲು ಕಂಟ್ರೋಲ್ ಮತ್ತು ಟಿ ಒತ್ತಿದರಾಯಿತು. ಲಿನಕ್ಸ್‌ನಲ್ಲಿ ಮಾಡ್ಯೂಲ್‌ಗಳೂ ಟಿಪ್ಪಣಿಗಳೂ ಹೋಮ್ ಫೋಲ್ಡರಿನಲ್ಲಿ ಚುಕ್ಕೆಯಿಂದ ಆರಂಭವಾಗುವ ಸೋರ್ಡ್ ಫೋಲ್ಡರಿನಲ್ಲಿ, ಹೊಂದಿಕೆಗಳು ಹಾಗೆಯೇ ಚುಕ್ಕೆಯಿರುವ ಝೈಫೋಸ್ ಫೋಲ್ಡರಿನಲ್ಲಿ ಇರುತ್ತವೆ. ವಿಂಡೋಸ್‌ನಲ್ಲಿ ಇವು ಆ್ಯಪ್‌ಡೇಟಾದೊಳಗೆ ಸಿಗುತ್ತವೆ. ಚುಕ್ಕೆಯ ಫೋಲ್ಡರುಗಳು ಸಾಮಾನ್ಯವಾಗಿ ಮರೆಯಾಗಿರುವುದರಿಂದ ಕಂಟ್ರೋಲ್ ಮತ್ತು ಎಚ್ ಒತ್ತಿ ಅವುಗಳನ್ನು ಕಾಣಿಸಿಕೊಂಡು, ಎರಡನ್ನೂ ಪೆನ್‌ಡ್ರೈವ್‌ಗೆ ನಕಲಿಸಿಡಿ. ಹೊಸ ಕಂಪ್ಯೂಟರಿನಲ್ಲಿ ಝೈಫೋಸ್ ಅಳವಡಿಸಿ, ಅದನ್ನು ತೆರೆಯುವ ಮೊದಲೇ ಈ ಎರಡು ಫೋಲ್ಡರುಗಳನ್ನು ಅದೇ ಜಾಗದಲ್ಲಿ ಇರಿಸಿದರೆ ಮಾಡ್ಯೂಲ್ ಮ್ಯಾನೇಜರ್‌ನ ಕೆಲಸವನ್ನು ಮತ್ತೊಮ್ಮೆ ಮಾಡಬೇಕಾಗುವುದಿಲ್ಲ.