ಹೊಕ್ಕುಳಬಳ್ಳಿ ರಕ್ತ: ಸರ್ಕಾರದ ದುಡ್ಡು ಎಲ್ಲಿ ಖರ್ಚಾಗುತ್ತದೆ

ಮಂಗಳೂರಿನಲ್ಲಿ ನರ್ಸಿಂಗ್ ಓದಿ ಇಂಗ್ಲೆಂಡಿಗೆ ಬಂದ ನಾನು ಕೆಲವು ವರ್ಷ ಲಂಡನ್ನಿನ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಹೊಕ್ಕುಳಬಳ್ಳಿ ರಕ್ತ ಸಂಗ್ರಹಿಸುವ ತಂಡದಲ್ಲಿದ್ದೆ. ರಕ್ತ ಉತ್ಪಾದಿಸುವ ಕಾಂಡಕೋಶಗಳಿರುವ ಈ ರಕ್ತವನ್ನು ಮಜ್ಜೆಯ ಬದಲು ರಕ್ತರೋಗಿಗಳಿಗೆ ಕಸಿ ಮಾಡಬಹುದು. ಇಲ್ಲಿನ ಸಾರ್ವಜನಿಕ ಬ್ಯಾಂಕನ್ನು ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ 1996ರಲ್ಲಿ ಆರಂಭಿಸಿತು. ತಾಯಿ ಒಂದು ಪೆನ್ನಿಯನ್ನೂ ಕೊಡಬೇಕಿಲ್ಲ. ಆದರೆ ಆ ರಕ್ತ ಅವಳ ಮಗುವಿಗೆಂದು ಮೀಸಲೂ ಅಲ್ಲ. ಯಾವ ದೇಶದ ಯಾವ ರೋಗಿಗೆ ಹೊಂದುತ್ತದೆಯೋ ಅವರಿಗೆ ಹೋಗುತ್ತದೆ.

ಕೆಲಸ ಶುರುವಾಗುವುದು ಹೆರಿಗೆ ಮುಗಿದ ಮೇಲೆ. ಮಾಸು ಬಿದ್ದ ಕೂಡಲೇ ಅದನ್ನು ಟ್ರೇಯಲ್ಲಿಟ್ಟುಕೊಂಡು ಪಕ್ಕದ ಕೋಣೆಗೆ ಒಯ್ಯುತ್ತಿದ್ದೆವು. ಬಳ್ಳಿ ಕೆಳಗೆ ಜೋತುಬೀಳುವಂತೆ ಮಾಸನ್ನು ಸ್ಟ್ಯಾಂಡಿನಲ್ಲಿ ಕೂರಿಸಿ, ಬಳ್ಳಿಯನ್ನು ಚೆನ್ನಾಗಿ ಒರೆಸಿ ಶುಚಿಮಾಡಿ, ಅದರ ಅಭಿಧಮನಿಗೆ ಸೂಜಿ ಚುಚ್ಚಿದರೆ ರಕ್ತ ತನ್ನ ಭಾರಕ್ಕೆ ತಾನೇ ಚೀಲಕ್ಕೆ ಇಳಿಯುತ್ತದೆ. ತಡಮಾಡಿದರೆ ಹೆಪ್ಪುಗಟ್ಟುತ್ತದೆ. ತಾಯಿಗಾಗಲಿ ಮಗುವಿಗಾಗಲಿ ಈ ಸೂಜಿ ಮುಟ್ಟುವುದಿಲ್ಲ. ಆಮೇಲೆ ತಾಯಿಯ ಒಪ್ಪಿಗೆ ಪತ್ರ, ಕಾಯಿಲೆ ಮತ್ತು ಪ್ರಯಾಣದ ವಿವರಗಳು, ಎಚ್‌ಐವಿ, ಹೆಪಟೈಟಿಸ್, ಸಿಫಿಲಿಸ್ ಪರೀಕ್ಷೆಗೆ ಅವಳ ರಕ್ತದ ಮಾದರಿ. ತೆಗೆದ ಬಳ್ಳಿ ರಕ್ತವನ್ನು 48 ಗಂಟೆಯೊಳಗೆ ಸಂಸ್ಕರಿಸಿ ಘನೀಕರಿಸಬೇಕು. ಬ್ರಿಸ್ಟಲ್ ಬಳಿಯ ಫಿಲ್ಟನ್‌ನಲ್ಲಿ ದ್ರವ ಸಾರಜನಕದಲ್ಲಿ ಅದನ್ನು ಇಡುತ್ತಾರೆ.

ಆದರೆ ಅಲ್ಲಿಗೆ ತಲುಪುವ ಚೀಲಗಳೇ ಕಡಿಮೆ. ಚೀಲದಲ್ಲಿ ಸಾಕಷ್ಟು ಕೋಶಗಳಿಲ್ಲದಿದ್ದರೆ ಕಸಿಗೆ ಪ್ರಯೋಜನವಿಲ್ಲ; ದೊಡ್ಡವರಿಗಂತೂ ಬಹಳ ಬೇಕು. ಬೆವರು ಸುರಿಸಿ ತೆಗೆದ ರಕ್ತದಲ್ಲಿ ಬಹುಪಾಲು ತೂಕದಲ್ಲೋ ಕೋಶಗಳ ಎಣಿಕೆಯಲ್ಲೋ ಸೋಲುತ್ತದೆ. ತಾಯಿ ಒಪ್ಪಿದ್ದರೆ ಸಂಶೋಧನೆಗೆ ಹೋಗುತ್ತದೆ, ಇಲ್ಲವಾದರೆ ವಿಲೇವಾರಿ. ಇದರ ಮೇಲೆ, ಬಳ್ಳಿಯನ್ನು ಒಂದು ನಿಮಿಷಕ್ಕೆ ಮೊದಲು ಕಟ್ಟಬಾರದೆಂದು 2014ರಲ್ಲಿ ಇಲ್ಲಿನ ಆರೋಗ್ಯ ಮಾರ್ಗಸೂಚಿಯೇ ಹೇಳಿತು. ಅಷ್ಟರಲ್ಲಿ ಬಳ್ಳಿಯ ರಕ್ತ ಮಗುವಿಗೆ ಹರಿಯುತ್ತದೆ. ಮಗುವಿಗೆ ಅದು ಒಳ್ಳೆಯದು, ನಮ್ಮ ಚೀಲಕ್ಕೆ ನಷ್ಟ. ಮಗುವಿನ ಪಾಲಿಗೆ ನಾವು ಕೈಹಾಕುವಂತಿರಲಿಲ್ಲ, ಹಾಕಬಾರದು ಕೂಡ.

ಹಾಗಾಗಿ ಸರ್ಕಾರದ ಅನುದಾನವನ್ನು ಶೇಖರಿಸಿದ ಚೀಲಗಳ ಲೆಕ್ಕದಲ್ಲಿ ಅಳೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ದುಡ್ಡಿನ ದೊಡ್ಡ ಪಾಲು ಹೋಗುವುದು ಶೀತಲ ಟ್ಯಾಂಕಿಗಲ್ಲ, ಸೋತ ಚೀಲಗಳಿಗೆ ಮತ್ತು ಅವುಗಳಿಗಾಗಿ ಎಚ್ಚರವಿದ್ದ ಕೈಗಳಿಗೆ. ಹಣ ಬಿಗಿಯಾದಾಗ ಮೊದಲು ಕತ್ತರಿ ಬೀಳುತ್ತಿದ್ದದ್ದು ನಮ್ಮ ರಾತ್ರಿ ಪಾಳಿಗೆ. ಮಕ್ಕಳು ಕಚೇರಿ ಸಮಯ ನೋಡಿ ಹುಟ್ಟುತ್ತವೆಯೇ?

2010ರಲ್ಲಿ ತಜ್ಞರ ವೇದಿಕೆಯೊಂದು ದೇಶಕ್ಕೆ 50,000 ಚೀಲಗಳ ಸಂಗ್ರಹ ಬೇಕೆಂದು ಆರೋಗ್ಯ ಇಲಾಖೆಗೆ ಶಿಫಾರಸು ಮಾಡಿತ್ತು. ನಂತರ ಅರೆಹೊಂದಾಣಿಕೆಯ ಬಂಧುಗಳಿಂದಲೇ ಮಜ್ಜೆಕಸಿ ಮಾಡುವ ವಿಧಾನ ಬಲಗೊಂಡು ಬಳ್ಳಿ ರಕ್ತದ ಬೇಡಿಕೆ ಇಳಿಯಿತು. ಆದರೂ ಸಂಗ್ರಹಕ್ಕೆ ಮಿಶ್ರ ಜನಾಂಗದ ಬಡಾವಣೆಗಳ ಆಸ್ಪತ್ರೆಗಳನ್ನೇ ಆರಿಸಿಕೊಂಡದ್ದು ನನ್ನ ಪ್ರಕಾರ ಸರಿಯಾದ ಖರ್ಚು. ಬಿಳಿಯರಿಗೆ ನೋಂದಾಯಿತ ದಾನಿಗಳಲ್ಲಿ ಹೊಂದಾಣಿಕೆ ಸಿಗುವಷ್ಟು ಸುಲಭವಾಗಿ ನಮ್ಮವರಿಗೆ ಸಿಗುವುದಿಲ್ಲ. ಆದರೆ ಬಳ್ಳಿ ರಕ್ತದಲ್ಲಿ, ದಾನಿ ಮತ್ತು ರೋಗಿಯ ಹೊಂದಾಣಿಕೆ ನೋಡಲು ಬಳಸುವ ಎಚ್‌ಎಲ್‌ಎ ಗುರುತುಗಳು ಆರರಲ್ಲಿ ನಾಲ್ಕು ಹೊಂದಿದರೂ ಕಸಿ ಮಾಡಿದ್ದುಂಟು.

ಹಾಸನದ ಕಡೆಯ ಒಬ್ಬ ಗರ್ಭಿಣಿ ಕೇಳಿದ್ದಳು: “ಅಕ್ಕ, ನಾಳೆ ನಮ್ಮ ಮಗುವಿಗೇ ಬೇಕಾದರೆ ಏನು ಮಾಡುವುದು? ನಮ್ಮಣ್ಣ ಬೆಂಗಳೂರಿನಲ್ಲಿ ಕಂತು ಕಟ್ಟಿ ಖಾಸಗಿ ಬ್ಯಾಂಕಿನಲ್ಲಿ ಇಡಿಸಿದ್ದಾನೆ.” ಚೀಲ ಆಗ ಇನ್ನೂ ಬ್ಯಾಂಕಿನಲ್ಲಿದ್ದರೆ ಕೇಳಬಹುದು, ಭರವಸೆ ಮಾತ್ರ ಕೊಡಲಾರೆ ಎಂದೆ. ಥಲಸ್ಸೇಮಿಯಾದಂಥ ರಕ್ತದ ಹುಟ್ಟುರೋಗವಿದ್ದರೆ ಮಗುವಿನ ಸ್ವಂತ ಬಳ್ಳಿ ರಕ್ತದಲ್ಲೂ ಅದೇ ದೋಷವಿರುತ್ತದೆ. ಅದನ್ನು ಮರಳಿ ಕೊಟ್ಟು ಫಲವಿಲ್ಲ. ಭಾರತದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಕೂಡ ಖಾಸಗಿ ಬ್ಯಾಂಕಿಂಗನ್ನು ಶಿಫಾರಸು ಮಾಡುವುದಿಲ್ಲ. ಅಣ್ಣನಿಗೆ ಇದನ್ನು ಹೇಗೆ ಹೇಳುವುದೆಂದು ಅವಳು ಚಿಂತೆಗೆ ಬಿದ್ದಳು. ಕಂತು ಕಟ್ಟಿಯಾಗಿದೆ, ಹೇಳಬೇಡ ಎಂದೆ.

ಮೊದಲ ಮಗುವಿಗೆ ಈಗಾಗಲೇ ಥಲಸ್ಸೇಮಿಯಾ ಇದ್ದು ಎರಡನೆಯದು ಬರುತ್ತಿದ್ದರೆ ಮಾತ್ರ ವಿಷಯ ಬೇರೆ. ಆಗ ತಮ್ಮನ ಅಥವಾ ತಂಗಿಯ ಬಳ್ಳಿ ರಕ್ತ ನಿಜಕ್ಕೂ ಉಪಯೋಗಕ್ಕೆ ಬರಬಹುದು. ವೈದ್ಯರು ಬರೆದುಕೊಟ್ಟರೆ ಇಲ್ಲಿ ಎನ್‌ಎಚ್‌ಎಸ್ ಅದನ್ನು ಆ ಕುಟುಂಬದ ಹೆಸರಿನಲ್ಲಿಯೇ ತೆಗೆದಿಡುತ್ತದೆ. ಅಂಥವರು ಹೆರಿಗೆ ಹತ್ತಿರವಾಗುವ ತನಕ ಕಾಯದೆ, ಬಸಿರು ಖಚಿತವಾದ ಕೂಡಲೇ ಮಗುವಿನ ರಕ್ತರೋಗ ತಜ್ಞರನ್ನು ಕೇಳಬೇಕು.