ರೀಸೆಟ್ ಮಾಡದೆ ಟ್ಯಾಬ್ ಎಬ್ಬಿಸಿದ್ದು ಹೀಗೆ

ಅಪ್‌ಡೇಟ್ ಆದ ಮೇಲೆ ಟ್ಯಾಬ್ ಆನ್ ಆಗದಿದ್ದರೆ ಎಲ್ಲರೂ ಹೇಳುವ ಮೊದಲ ಮಾತು "ರೀಸೆಟ್ ಹೊಡೀರಿ". ನನ್ನ ಸೋದರತ್ತೆಯ ಟ್ಯಾಬ್ ನೋಡಿ ಅಂಗಡಿಯವರು ಹೇಳಿದ್ದೂ ಅದನ್ನೇ. ಸರಿಯೇನೋ ಆಗುತ್ತೆ, ಆದರೆ ಒಳಗಿರುವುದೆಲ್ಲ ಹೋಗುತ್ತೆ ಎಂದರು. ಒಳಗಿದ್ದದ್ದು ಹಾಡುಗಳು. ಶಿರಸಿ ಕಡೆಯ ಮದುವೆಮನೆಗಳಲ್ಲಿ ಅತ್ತೆ ಮತ್ತು ಅವರ ಜೊತೆಯ ಹೆಂಗಸರು ಹೇಳಿದ ಸಂಪ್ರದಾಯದ ಹಾಡುಗಳ ರೆಕಾರ್ಡಿಂಗ್. ಹಾಡಿದವರಲ್ಲಿ ಕೆಲವರು ಈಗ ಇಲ್ಲ. ಬೇರೆ ಎಲ್ಲೂ ಕಾಪಿ ಇರಲಿಲ್ಲ. ಹಾಗಾಗಿ ರೀಸೆಟ್ ಬೇಡವೇ ಬೇಡ ಎಂದು ಟ್ಯಾಬನ್ನು ಮನೆಗೆ ತಂದೆ.

ಮೊದಲು ನೋಡಿದ್ದು ಅದು ಎಲ್ಲಿಯವರೆಗೆ ಬಂದು ನಿಲ್ಲುತ್ತದೆ ಎಂದು. ಕಂಪನಿಯ ಲೋಗೋ ಬರುತ್ತಿತ್ತು, ಆಮೇಲೆ ಆಂಡ್ರಾಯ್ಡ್‌ನ ಅನಿಮೇಷನ್ ಓಡುತ್ತಿತ್ತು, ಸ್ವಲ್ಪ ಹೊತ್ತಿಗೆ ಪರದೆ ಕಪ್ಪಾಗಿ ಮತ್ತೆ ಲೋಗೋ. ಇದಕ್ಕೆ ಬೂಟ್‌ಲೂಪ್ ಅಂತಾರೆ. ನನಗೆ ಇದು ಒಳ್ಳೆಯ ಸೂಚನೆಯೇ. ಅನಿಮೇಷನ್ ಬಂತು ಅಂದರೆ ಟ್ಯಾಬನ್ನು ಮೊದಲು ಎಬ್ಬಿಸುವ ಬೂಟ್‌ಲೋಡರ್, ಸಿಸ್ಟಮ್‌ನ ತಿರುಳಾದ ಕರ್ನಲ್ ಎರಡೂ ಕೆಲಸ ಮಾಡುತ್ತಿವೆ, ತೊಂದರೆ ಇರುವುದು ಅದರ ಮೇಲಿನ ಸಿಸ್ಟಮ್ ಭಾಗದಲ್ಲಿ. ಬೋರ್ಡ್ ಹೋಗಿದೆ ಎಂದು ಹೆದರಬೇಕಾಗಿಲ್ಲ.

2016ರಲ್ಲಿ ಬಂದ ಆಂಡ್ರಾಯ್ಡ್ 7ರಿಂದ ಒಂದು ಒಳ್ಳೆಯ ವ್ಯವಸ್ಥೆ ಇದೆ. ಸಿಸ್ಟಮ್‌ಗೆ ಎ ಮತ್ತು ಬಿ ಎಂದು ಎರಡು ಜಾಗ. ಒಂದರಲ್ಲಿ ಟ್ಯಾಬ್ ಓಡುತ್ತಿರುವಾಗಲೇ ಇನ್ನೊಂದರಲ್ಲಿ ಅಪ್‌ಡೇಟ್ ಕೂರುತ್ತದೆ. ಹೊಸದು ಬೂಟ್ ಆಗದಿದ್ದರೆ ಹಳೆಯದಕ್ಕೆ ವಾಪಸ್ ಬರುತ್ತದೆ. ಆದರೆ ಆಮೇಲೆ ಬಂದ ಎಷ್ಟೋ ಟ್ಯಾಬ್‌ಗಳಲ್ಲೂ ಇದು ಇರಲಿಲ್ಲ. ಅತ್ತೆಯದೂ ಅಂಥದ್ದೇ. ಇದ್ದ ಒಂದೇ ಜಾಗದ ಮೇಲೆ ಬರೆಯುವಾಗ ಏನಾದರೂ ಎಡವಟ್ಟಾದರೆ ವಾಪಸ್ ಹೋಗಲು ದಾರಿ ಇಲ್ಲ.

ರಿಪೇರಿಗೆಂದೇ ಇರುವ ರಿಕವರಿ ಮೆನುವಿಗೆ ಹೋಗಲು ಪವರ್ ಮತ್ತು ವಾಲ್ಯೂಮ್ ಹೆಚ್ಚಿಸುವ ಬಟನ್ ಎರಡನ್ನೂ ಒತ್ತಿ ಹಿಡಿದೆ. ಲೋಗೋ ಕಂಡ ಕೂಡಲೇ ಪವರ್ ಬಿಟ್ಟು ವಾಲ್ಯೂಮ್ ಮಾತ್ರ ಹಿಡಿದುಕೊಂಡೆ. ಮಲಗಿದ ರೋಬೋಟ್ ಚಿತ್ರ, ಕೆಳಗೆ 'ನೋ ಕಮಾಂಡ್' ಎಂಬ ಬರಹ ಬಂತು. ಇದನ್ನು ನೋಡಿ ಕೆಟ್ಟೇ ಹೋಯಿತು ಎಂದು ತಿಳಿಯುವವರು ಜಾಸ್ತಿ. ಹಾಗೇನಿಲ್ಲ. ಪವರ್ ಒತ್ತಿ ಹಿಡಿದು ವಾಲ್ಯೂಮ್ ಹೆಚ್ಚಿಸುವ ಬಟನ್ ಒಮ್ಮೆ ತಟ್ಟಿದರೆ ರಿಕವರಿ ಮೆನು ಬರುತ್ತದೆ. ಬಟನ್‌ಗಳ ಜೋಡಿ ಮಾತ್ರ ಒಂದೊಂದು ಮಾಡೆಲ್‌ಗೆ ಒಂದೊಂದು ಥರ.

ಮೆನುವಿನ ಮೇಲ್ಭಾಗದ ಸಣ್ಣ ಅಕ್ಷರಗಳಲ್ಲಿ ಮಾಡೆಲ್ ಮತ್ತು ಬಿಲ್ಡ್ (ಸಿಸ್ಟಮ್‌ನ ಆವೃತ್ತಿ) ನಂಬರ್ ಇರುತ್ತವೆ. ಮೊಬೈಲ್‌ನಲ್ಲಿ ಅದರ ಫೋಟೋ ತೆಗೆದುಕೊಂಡೆ. ಆಮೇಲೆ 'ಪವರ್ ಆಫ್' ಆಯ್ಕೆ ಮಾಡಿ ಚಾರ್ಜ್‌ಗೆ ಹಾಕಿದೆ. ಲೂಪ್‌ನಲ್ಲಿ ಸಿಕ್ಕಿಕೊಂಡ ಟ್ಯಾಬ್ ಬ್ಯಾಟರಿ ತಿನ್ನುತ್ತಲೇ ಇರುತ್ತದೆ. ಕೆಲಸದ ಮಧ್ಯದಲ್ಲಿ ಆರಿಹೋದರೆ ಇದ್ದದ್ದೂ ಹೋಗುತ್ತದೆ.

ಏನನ್ನೂ ಅಳಿಸದ ದಾರಿಗಳನ್ನೆಲ್ಲ ಮೊದಲು ನೋಡಿದೆ. ಸೇಫ್ ಮೋಡ್‌ನಲ್ಲಿ ನಾವು ಹಾಕಿಕೊಂಡ ಆ್ಯಪ್‌ಗಳು ಓಡುವುದಿಲ್ಲ. ಅದರಲ್ಲೂ ಲೂಪ್ ನಿಲ್ಲಲಿಲ್ಲ, ಅಂದರೆ ತಪ್ಪು ಆ್ಯಪ್‌ಗಳದ್ದಲ್ಲ. ಮುಂದೆ 'ವೈಪ್ ಕ್ಯಾಶ್ ಪಾರ್ಟಿಷನ್'. ಇದು ತಾತ್ಕಾಲಿಕ ಫೈಲ್‌ಗಳನ್ನು ಮಾತ್ರ ತೆಗೆಯುತ್ತದೆ, ಫೋಟೋ ಹಾಡುಗಳಿಗೆ ಕೈ ಹಾಕುವುದಿಲ್ಲ. ಹಲವರ ಟ್ಯಾಬ್ ಇಷ್ಟಕ್ಕೇ ಸರಿಹೋಗುತ್ತದೆ. ನಮ್ಮದು ಹೋಗಲಿಲ್ಲ. ಇಲ್ಲೊಂದು ಎಚ್ಚರಿಕೆ ಬೇಕು: ಅದೇ ಮೆನುವಿನಲ್ಲಿ, ಹತ್ತಿರದಲ್ಲೇ 'ವೈಪ್ ಡೇಟಾ' ಕೂಡ ಇರುತ್ತದೆ. ಅದೇ ಫ್ಯಾಕ್ಟರಿ ರೀಸೆಟ್. ಸಾಲನ್ನು ಪೂರ್ತಿ ಓದದೆ, ಆಯ್ಕೆ ಮಾಡುವ ಪವರ್ ಬಟನ್ ಒತ್ತಬೇಡಿ.

ಹಾಡುಗಳನ್ನು ಮೊದಲು ಹೊರಗೆ ತೆಗೆದು ಆಮೇಲೆ ರೀಸೆಟ್ ಮಾಡಬಹುದಿತ್ತಲ್ಲ ಎಂದು ಮನೆಯಲ್ಲಿ ಕೇಳಿದರು. ಆಗುವುದಿಲ್ಲ. ಈಗಿನ ಟ್ಯಾಬ್‌ಗಳಲ್ಲಿ ಡೇಟಾ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಬೀಗ ಹಾಕಿದಂತೆ ಗುಟ್ಟಿನ ರೂಪದಲ್ಲಿರುತ್ತದೆ. ಸಿಸ್ಟಮ್ ಸರಿಯಾಗಿ ಎದ್ದು, ನಾವು ಪಿನ್ ಹಾಕಿದ ಮೇಲೆಯೇ ಅದು ತೆರೆದುಕೊಳ್ಳುವುದು. ಬೂಟ್‌ಲೋಡರ್ ಅನ್‌ಲಾಕ್ ಮಾಡುತ್ತೇನೆ ಎಂದು ಯಾರಾದರೂ ಹೇಳಿದರೆ ತಡೆಯಿರಿ. ಅನ್‌ಲಾಕ್ ಮಾಡಿದರೂ ಡೇಟಾ ಪೂರ್ತಿ ಅಳಿಸಿಹೋಗುತ್ತದೆ. ಹಾಡು ಬೇಕು ಅಂದರೆ ಸಿಸ್ಟಮ್ ಅನ್ನೇ ರಿಪೇರಿ ಮಾಡಬೇಕು.

ಅದಕ್ಕೆ ಉಳಿದಿದ್ದು ಸೈಡ್‌ಲೋಡ್, ಅಂದರೆ ಅಪ್‌ಡೇಟ್ ಫೈಲನ್ನು ಕಂಪ್ಯೂಟರ್‌ನಿಂದ ಕೇಬಲ್ ಮೂಲಕ ಹಾಕುವುದು. ಕಂಪನಿಯ ಸಪೋರ್ಟ್ ಪುಟದಲ್ಲಿ ಆ ಮಾಡೆಲ್‌ನ ಪೂರ್ತಿ ಅಪ್‌ಡೇಟ್ ಜಿಪ್ ಫೈಲ್ ಸಿಕ್ಕಿತು. ವೈಫೈ ಮಾತ್ರ ಇರುವ ಮಾಡೆಲ್‌ಗೂ ಸಿಮ್ ಹಾಕುವ ಮಾಡೆಲ್‌ಗೂ ಫೈಲ್ ಬೇರೆ ಬೇರೆ, ಫೋಟೋದಲ್ಲಿದ್ದ ನಂಬರ್ ಉಪಯೋಗಕ್ಕೆ ಬಂದದ್ದು ಇಲ್ಲೇ. ಬಿಲ್ಡ್ ಟ್ಯಾಬ್‌ನಲ್ಲಿರುವಷ್ಟೇ ಹೊಸದು ಅಥವಾ ಅದಕ್ಕಿಂತ ಹೊಸದು ಇರಬೇಕು. ಹಳೆಯದನ್ನು ರಿಕವರಿ ಒಪ್ಪುವುದಿಲ್ಲ. ಕಂಪನಿಯ ಸಹಿ ಇಲ್ಲದ ಫೈಲನ್ನೂ ಒಪ್ಪುವುದಿಲ್ಲ. ಈ ಕಟ್ಟುನಿಟ್ಟು ಇರುವುದರಿಂದಲೇ ನನಗೆ ಈ ದಾರಿಯ ಮೇಲೆ ನಂಬಿಕೆ. ಪೂರ್ತಿ ಅಪ್‌ಡೇಟ್ ಫೈಲ್ ಸಿಸ್ಟಮ್ ಭಾಗವನ್ನು ಹೊಸದಾಗಿ ಬರೆಯುತ್ತದೆ, ನಮ್ಮ ಡೇಟಾ ಭಾಗವನ್ನು ಮುಟ್ಟುವುದಿಲ್ಲ. 'ಫ್ಯಾಕ್ಟರಿ ಇಮೇಜ್' ಎಂದಿರುವ ಫೈಲ್ ಬೇರೆ. ಅದನ್ನು ಹಾಕಿದರೆ ಸಾಮಾನ್ಯವಾಗಿ ಎಲ್ಲ ಅಳಿಸುತ್ತದೆ.

ಲ್ಯಾಪ್‌ಟಾಪ್‌ಗೆ ಗೂಗಲ್‌ನ ಪ್ಲಾಟ್‌ಫಾರ್ಮ್ ಟೂಲ್ಸ್ ಇಳಿಸಿಕೊಂಡೆ. ಲ್ಯಾಪ್‌ಟಾಪ್‌ನಿಂದ ಟ್ಯಾಬ್‌ಗೆ ಆಜ್ಞೆ ಕೊಡುವ ಎಡಿಬಿ ಎಂಬ ಸಾಧನ ಇದರಲ್ಲೇ ಇರುತ್ತದೆ. ಟ್ಯಾಬ್‌ನಲ್ಲಿ 'ಅಪ್ಲೈ ಅಪ್‌ಡೇಟ್ ಫ್ರಮ್ ಎಡಿಬಿ' ಆರಿಸಿ ಕೇಬಲ್ ಸಿಕ್ಕಿಸಿದೆ. ಕೆಲವು ಕೇಬಲ್‌ಗಳಲ್ಲಿ ಚಾರ್ಜ್ ಮಾತ್ರ ಆಗುತ್ತದೆ, ಡೇಟಾ ಹೋಗುವುದಿಲ್ಲ, ಇದು ನೆನಪಿರಲಿ. ಲ್ಯಾಪ್‌ಟಾಪ್‌ನ ಕಮಾಂಡ್ ವಿಂಡೋದಲ್ಲಿ 'ಎಡಿಬಿ ಡಿವೈಸಸ್' ಎಂದು ಟೈಪ್ ಮಾಡಿದಾಗ ಸೀರಿಯಲ್ ನಂಬರ್ ಮುಂದೆ 'ಸೈಡ್‌ಲೋಡ್' ಎಂದು ಕಂಡರೆ ಸಂಪರ್ಕ ಸರಿ ಇದೆ ಎಂದರ್ಥ. ಆಮೇಲೆ 'ಎಡಿಬಿ ಸೈಡ್‌ಲೋಡ್' ಎಂದು ಬರೆದು ಪಕ್ಕದಲ್ಲಿ ಫೈಲಿನ ಹೆಸರು ಹಾಕಿ ಎಂಟರ್ ಒತ್ತಿದೆ.

ಲ್ಯಾಪ್‌ಟಾಪ್‌ನಲ್ಲಿ ಶೇಕಡಾವಾರು ಏರುತ್ತಾ 47ಕ್ಕೆ ನಿಂತುಬಿಟ್ಟಿತು. ಗೊತ್ತಿಲ್ಲದವರು ಇಲ್ಲಿ ಕೇಬಲ್ ಕಿತ್ತುಬಿಡುತ್ತಾರೆ. ಸೈಡ್‌ಲೋಡ್‌ನಲ್ಲಿ ಕೆಲವೊಮ್ಮೆ 47ಕ್ಕೇ ಕೆಲಸ ಮುಗಿದಿರುತ್ತದೆ. ನೋಡಬೇಕಾದದ್ದು ಲ್ಯಾಪ್‌ಟಾಪ್ ಪರದೆಯನ್ನಲ್ಲ, ಟ್ಯಾಬ್‌ನ ಪರದೆಯನ್ನು. ಇನ್‌ಸ್ಟಾಲ್ ಮುಗಿಯಿತು ಎಂದು ಅಲ್ಲಿ ಬರುವ ತನಕ ಸುಮ್ನೆ ಕೂತಿದ್ದೆ. ಬಂದ ಮೇಲೆ 'ರೀಬೂಟ್' ಕೊಟ್ಟೆ. ಮೊದಲ ಬೂಟ್ ತುಂಬಾ ನಿಧಾನ, ಅನಿಮೇಷನ್ ಓಡುತ್ತಲೇ ಇತ್ತು. ಈ ಹೊತ್ತಿನಲ್ಲಿ ಯಾವ ಬಟನ್ನನ್ನೂ ಮುಟ್ಟಬಾರದು. ಕೊನೆಗೆ ಪಿನ್ ಕೇಳಿತು. ಹಾಕಿದೆ. ಹಾಡುಗಳೆಲ್ಲ ಇದ್ದವು. ಅತ್ತೆಗೆ ಫೋನ್ ಮಾಡಿ ಒಂದು ಹಸೆ ಹಾಡನ್ನು ಕೇಳಿಸಿದೆ. ಅವರು ಅಲ್ಲಿಂದಲೇ ಜೊತೆಗೆ ಹೇಳತೊಡಗಿದರು.

ಐಪ್ಯಾಡ್ ಇರುವವರಿಗೆ ಇದಕ್ಕಿಂತ ಸುಲಭ. ರಿಕವರಿ ಮೋಡ್‌ನಲ್ಲಿ ಕಂಪ್ಯೂಟರ್‌ಗೆ ಹಾಕಿದಾಗ 'ಅಪ್‌ಡೇಟ್', 'ರಿಸ್ಟೋರ್' ಎರಡನ್ನೂ ಕೇಳುತ್ತದೆ. ಮೊದಲು 'ಅಪ್‌ಡೇಟ್' ಒತ್ತಿ. ಅದು ಡೇಟಾ ಉಳಿಸಿಕೊಂಡೇ ಸಿಸ್ಟಮ್ ಹಾಕಲು ನೋಡುತ್ತದೆ. 'ರಿಸ್ಟೋರ್' ಎಲ್ಲ ಅಳಿಸುತ್ತದೆ.

ಹಾಡುಗಳನ್ನು ಲ್ಯಾಪ್‌ಟಾಪ್‌ಗೆ, ಒಂದು ಪೆನ್‌ಡ್ರೈವ್‌ಗೆ ಕಾಪಿ ಮಾಡಿ, ತೆರೆದು ಕೇಳಿ ನೋಡಿದ ಮೇಲೆಯೇ ಟ್ಯಾಬನ್ನು ರೀಸೆಟ್ ಮಾಡಿದ್ದು. ಸ್ಟೋರೇಜ್ ತುಂಬಿ ತುಳುಕುತ್ತಿತ್ತು, ಹಾಗೇ ಬಿಟ್ಟರೆ ಮುಂದಿನ ಅಪ್‌ಡೇಟ್‌ಗೂ ಕಷ್ಟ. ರೀಸೆಟ್ ಮಾಡಿದ್ದು ರಿಕವರಿಯಿಂದ ಅಲ್ಲ, ಗೂಗಲ್ ಅಕೌಂಟ್ ತೆಗೆದು ಸೆಟ್ಟಿಂಗ್ಸ್‌ನಿಂದ. 2015ರ ಆಂಡ್ರಾಯ್ಡ್ 5.1ರ ಜೊತೆ ಬಂದ ರಕ್ಷಣೆಯಿಂದಾಗಿ, ರಿಕವರಿಯಿಂದ ಅಳಿಸಿದರೆ ಟ್ಯಾಬ್ ಹಳೆಯ ಅಕೌಂಟ್‌ನ ಪಾಸ್‌ವರ್ಡ್ ಕೇಳುತ್ತದೆ. ಅತ್ತೆಗೆ ಆ ಪಾಸ್‌ವರ್ಡ್ ನೆನಪಿರಲಿಲ್ಲ. ಈಗ ಹೊಸದು ಮಾಡಿ ಅವರ ಡೈರಿಯಲ್ಲಿ ಬರೆಸಿದ್ದೇನೆ.