‘ಬಿತ್’ ಎಂಬ ಅಕ್ಷರವನ್ನು ಕೇಳಿಸಿಕೊಂಡದ್ದು

ಆನ್ ಲುಶಾನ್ ದಂಗೆಯ ಕಾಲದಲ್ಲಿ, ಬಂಡುಕೋರರ ವಶವಾಗಿದ್ದ ಛಾಂಗ್‌ಆನ್ ನಗರದಲ್ಲಿ ಸಿಕ್ಕಿಬಿದ್ದಿದ್ದ ಚೀನೀ ಕವಿ ದು ಫು 757ರಲ್ಲಿ ರಚಿಸಿದ ‘ವಸಂತದ ನೋಟ’ವನ್ನು ನಾನು ಮೊದಲು ಬಿಡಿಸಿ ಓದಿದ್ದು, ಶಾಲೆಯಲ್ಲಿ ಹಳಗನ್ನಡ ಪದ್ಯಕ್ಕೆ ಪ್ರಸ್ತಾರ ಹಾಕಿ ರೂಢಿಯಾಗಿದ್ದ ಕೈಯಿಂದಲೇ. ಎಂಟು ಸಾಲು, ಸಾಲಿಗೆ ಐದು ಅಕ್ಷರ, ಎರಡರ ನಂತರ ಒಂದು ಸಣ್ಣ ಯತಿ. ಚೌಕುಳಿ ಹಾಳೆಯಲ್ಲಿ 40 ಮನೆಗಳನ್ನು ತುಂಬಿಸುವುದು ಸುಲಭವೆಂದೇ ತೋರಿತು.

ಹಳೆಯ ಚೀನೀ ಭಾಷೆಗಿದ್ದ ನಾಲ್ಕು ಸ್ವರಗತಿಗಳಲ್ಲಿ, ಅಂದರೆ ಅಕ್ಷರದ ದನಿಯ ಏರಿಳಿತಗಳಲ್ಲಿ, ಮೊದಲನೆಯದು ಸಮ, ಉಳಿದ ಮೂರೂ ಓರೆ. ಸಮಕ್ಕೆ ಗುರುವಿನ ಚಿಹ್ನೆಯನ್ನೂ ಓರೆಗೆ ಲಘುವಿನ ಚಿಹ್ನೆಯನ್ನೂ ಹಾಕುತ್ತ ಹೋದೆ. ಸಾಲಿನ ಒಂದನೆಯ ಮತ್ತು ಮೂರನೆಯ ಅಕ್ಷರಗಳಿಗೆ ಬಹುಮಟ್ಟಿಗೆ ಸಡಿಲಿಕೆಯುಂಟು. ಆದರೆ ಎರಡನೆಯದೂ ನಾಲ್ಕನೆಯದೂ ಪರಸ್ಪರ ವಿರುದ್ಧವಾಗಿರಬೇಕು, ಜೋಡಿಸಾಲಿನ ಅದೇ ಸ್ಥಾನಗಳಿಗೂ ವಿರುದ್ಧವಾಗಿರಬೇಕು. ನಮ್ಮ ಆದಿಪ್ರಾಸವೂ ಎರಡನೆಯ ಅಕ್ಷರದ ಮೇಲೆಯೇ ಕಣ್ಣಿಡುತ್ತದೆ, ಆದರೆ ಅದು ಕೇಳುವುದು ಹೋಲಿಕೆಯನ್ನು.

ಲೆಕ್ಕ ತಪ್ಪಿದ್ದು ನಾಲ್ಕನೆಯ ಸಾಲಿನಲ್ಲಿ. ‘ಹೆನ್ ಬಿಯೆ ನ್ಯಾವ್ ಜಿಂಗ್ ಶಿನ್’, ಅಂದರೆ ಅಗಲಿಕೆಯ ನೋವಿನಲ್ಲಿ ಹಕ್ಕಿಯೂ ಎದೆಯನ್ನು ಬೆಚ್ಚಿಸುತ್ತದೆ. ಇಂದಿನ ಪ್ರಮಾಣ ಚೀನೀಯಾದ ಮ್ಯಾಂಡರಿನ್‌ನಂತೆ ‘ಬಿಯೆ’ಯೂ ‘ಜಿಂಗ್’ ಕೂಡ ಸಮವೇ. ನಿಯಮಬದ್ಧ ಪದ್ಯದ ಮಹಾಗುರುವೆನಿಸಿದ ಕವಿ ಇಷ್ಟು ಸ್ಥೂಲವಾದ ತಪ್ಪು ಮಾಡಿದನೆಂದು ನಂಬುವುದಕ್ಕಿಂತ ನನ್ನ ಕಿವಿಯನ್ನೇ ಶಂಕಿಸುವುದು ಲೇಸೆನಿಸಿತು.

ಉತ್ತರ ಸಿಕ್ಕಿದ್ದು ದಕ್ಷಿಣ ಚೀನಾದ ನುಡಿಯಾದ ಕ್ಯಾಂಟನೀಸ್ ಓದಿನಲ್ಲಿ. ಅಲ್ಲಿ ‘ಬಿಯೆ’ ಎಂಬ ಅದೇ ಅಕ್ಷರ ‘ಬಿತ್’. ಪ್, ತ್, ಕ್‌ಗಳಲ್ಲಿ ಥಟ್ಟನೆ ನಿಲ್ಲುತ್ತಿದ್ದ ನಾಲ್ಕನೆಯ ಗತಿ ಮ್ಯಾಂಡರಿನ್‌ನಲ್ಲಿ ಅಳಿದು ಬೇರೆ ಗತಿಗಳಲ್ಲಿ ಚದುರಿಹೋಗಿದೆ, ಕ್ಯಾಂಟನೀಸ್‌ನಲ್ಲಿ ಉಳಿದಿದೆ. ‘ಬಿತ್’ ಓರೆಯೆಂದು ತಿದ್ದಿದ ಕೂಡಲೇ ಸಾಲು ಸರಿಹೋಯಿತು. ಅದನ್ನು ಉಚ್ಚರಿಸುವುದು ಮಾತ್ರ ಬೇರೆಯೇ ಪಾಡಾಯಿತು: ವ್ಯಂಜನದಲ್ಲಿ ಮಾತು ಮುಗಿಸಲು ಒಪ್ಪದ ನನ್ನ ಕನ್ನಡ ನಾಲಿಗೆ ಪ್ರತಿ ಸಲವೂ ‘ಬಿತ್ತು’ ಎನ್ನುತ್ತಿತ್ತು. ನಾಲಿಗೆಯನ್ನು ಹಲ್ಲಿನ ಬುಡಕ್ಕೆ ಒತ್ತಿ, ಉಸಿರು ಬಿಡದೆ ಅಲ್ಲಿಯೇ ತಡೆದು ನಿಲ್ಲಿಸುವುದನ್ನು ರೂಢಿಸಿಕೊಳ್ಳಲು ಕೆಲವು ವಾರಗಳೇ ಬೇಕಾದವು.

ಗುರು-ಲಘು ಚಿಹ್ನೆಗಳನ್ನು ಆಮೇಲೆ ಅಳಿಸಿಹಾಕಿದೆ, ಏಕೆಂದರೆ ಇಲ್ಲಿಯ ನಿಯಮ ಅಳೆಯುವುದು ಮಾತ್ರೆಯನ್ನಲ್ಲ, ದನಿಯ ಏರಿಳಿತವನ್ನು. ಆದರೂ ಸಾಂಪ್ರದಾಯಿಕ ರಾಗವಾಚನದಲ್ಲಿ ಸಮಾಕ್ಷರಗಳನ್ನು ಎಳೆದು, ಓರೆಯನ್ನು ಮೊಟಕಾಗಿಸಿ ಹೇಳುವುದುಂಟೆಂದು ತಿಳಿದಾಗ, ನನ್ನ ಮೊದಲ ತಪ್ಪು ಪೂರ್ತಿ ತಪ್ಪಾಗಿರಲಿಲ್ಲವೆಂಬ ಸಣ್ಣ ಸಮಾಧಾನವಾಯಿತು.

ಅಂತ್ಯಪ್ರಾಸದಲ್ಲಿಯೂ ಇದೇ ಕಥೆ. ಮ್ಯಾಂಡರಿನ್‌ನಲ್ಲಿ ‘ಶೆನ್, ಶಿನ್, ಜಿನ್’ ಎಂದು ಹೇಗೋ ಹೊಂದಿಕೊಂಡು ಬಂದು ಕೊನೆಯ ‘ತ್ಸಾನ್’ನಲ್ಲಿ ಎಡವಬೇಕಾಗುತ್ತದೆ, ಕ್ಯಾಂಟನೀಸ್‌ನಲ್ಲಿ ನಾಲ್ಕೂ ತುಟಿ ಮುಚ್ಚಿ ‘ಮ್’ನಲ್ಲಿ ಮುಗಿಯುತ್ತವೆ. ಈಗಲೂ ನಾನು ಓದುವುದು ಮ್ಯಾಂಡರಿನ್‌ನಲ್ಲಿಯೇ, ಪ್ರಾಸಾಕ್ಷರಗಳ ತಲೆಯ ಮೇಲೆ ಮಾತ್ರ ಪೆನ್ಸಿಲ್‌ನಲ್ಲಿ ಒಂದೊಂದು ‘ಮ್’ ಬರೆದುಕೊಂಡಿದ್ದೇನೆ.